ಕೂಡಿಸಿದ ಇಪ್ಪತ್ತು ನಿಮಿಷ

ಥಂಡರ್ ಬೇಯಿಂದ ಎಡ್ಮಂಟನ್‌ಗೆ ಒಂಬೈನೂರ ಅರವತ್ತು ನಾಟಿಕಲ್ ಮೈಲಿ. ಇದಕ್ಕೆ ಜಿನೆಟ್ ಲಾವಲೇ ಪೆನ್ಸಿಲ್ ಎತ್ತಬೇಕಾಗಿಯೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ವಿನಿಪೆಗ್ ವಿಮಾನ ನಿಲ್ದಾಣದ ಅಂಚಿನ ಈ ಹ್ಯಾಂಗರಿನ ಮೇಲಿನ ಕೋಣೆಯಲ್ಲಿ ಕೂತು, ರೋಗಿಗಳನ್ನೂ ರಕ್ತವನ್ನೂ ಸತ್ತವರ ಎದೆ ಹೊಟ್ಟೆಗಳಿಂದ ತೆಗೆದ ಅಂಗಗಳನ್ನೂ ಹೊತ್ತು ಹಾರುವ ವಿಮಾನಗಳಿಗೆ ದಾರಿ ಬರೆದುಕೊಟ್ಟವಳಿಗೆ ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ ಎನ್ನುವುದು ನೆಂಟರಿಷ್ಟರ ಹೆಸರುಗಳ ಹಾಗೆ ಬಾಯಿಗೆ ಬರುತ್ತಿತ್ತು. ದೂರ ಅವಳಿಗೆ ಎಂದೂ ಮೋಸ ಮಾಡಿರಲಿಲ್ಲ. ಬೆಳಿಗ್ಗೆ ಎಷ್ಟಿರುತ್ತದೋ ಸಂಜೆಗೂ ಅಷ್ಟೇ ಇರುತ್ತದೆ. ಮೋಸವೆಲ್ಲ ಹೊತ್ತಿನದು. ಅದು ಗಾಳಿಯ ಜೊತೆ ಸೇರಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ, ಫೋನಿನ ಆ ತುದಿಯಲ್ಲಿ ಯಾರಾದರೂ ಕಾಯುತ್ತಿದ್ದರೆ ನಾಲಿಗೆಯ ಮೇಲೆಯೇ ಬದಲಾಗಿಬಿಡುತ್ತದೆ.

ಫೋನಿನ ಆ ತುದಿಯಲ್ಲಿ ಗ್ವೆನ್ ಕಾಯುತ್ತಿದ್ದಳು. ಎಡ್ಮಂಟನ್ನಿನ ಆಸ್ಪತ್ರೆಯೊಂದರಲ್ಲಿ ಯಾರ ಅಂಗ ಯಾರಿಗೆ ಎಂದು ಹೊಂದಿಸುವವಳು. ಒಂಬತ್ತು ವರ್ಷಗಳಿಂದ ವಾರಕ್ಕೆರಡು ಸಲ ಮಾತಾಡಿದ್ದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಹೃದಯ, ಜಿನೆಟ್. ನಮ್ಮ ಡಾಕ್ಟರುಗಳು ಅಲ್ಲೇ ಇದಾರೆ, ಹನ್ನೊಂದರ ಹೊತ್ತಿಗೆ ತೆಗೀತಾರೆ. ಇಲ್ಲಿ ಒಬ್ಬಳಿಗೆ ಹೊಂದತ್ತೆ. ಮೂವತ್ತೊಂಬತ್ತು ವರ್ಷ. ಎರಡು ತಿಂಗಳಿಂದ ಎದೆಗೆ ಪಂಪು ಹಾಕಿಟ್ಟಿದೀವಿ, ಈಗ ಅದೂ ಕೈಕೊಡ್ತಿದೆ. ನಮ್ಮಿಂದ ಆಗಲ್ಲ ಅಂದ್ರೆ ಟೊರಾಂಟೊದಲ್ಲಿ ಇನ್ನೊಬ್ಬ ಇದಾನೆ, ಅವನಿಗೆ ಹೋಗತ್ತೆ."

"ಎಷ್ಟರೊಳಗೆ?"

"ತೆಗೆದಾಗಿಂದ ಜೋಡಿಸೋ ತನಕ ನಾಲ್ಕು ಗಂಟೆ, ಎಳೆದರೆ ನಾಲ್ಕೂವರೆ. ಹಾರಾಟಕ್ಕೆ ಅಂತ ನಾನು ಕೊಡೋಕಾಗೋದು ಎರಡು ಗಂಟೆ ನಲವತ್ತು ನಿಮಿಷ. ಒಂದು ನಿಮಿಷ ಜಾಸ್ತಿ ಇಲ್ಲ. ಒಂಬತ್ತೂವರೆಗೆ ಹೇಳು. ಆಮೇಲೆ ನಾನು ಟೊರಾಂಟೊಗೆ ಬಿಟ್ಟುಕೊಡ್ತೀನಿ."

ಗೋಡೆಯ ಮೇಲೆ ಎಂಟು ಐವತ್ತೆರಡು. ಹೊರಗೆ ಮೈನಸ್ ಮೂವತ್ತೊಂದು; ಕಿಟಕಿಯ ಒಳಮೈಗೂ ಹಿಮ ಹೆಪ್ಪುಗಟ್ಟಿ, ರನ್‌ವೇಯ ದೀಪಗಳು ಅದರ ಹಿಂದೆ ಹಳದಿ ಕಲೆಗಳಾಗಿದ್ದವು. ಫೋನಿಟ್ಟ ಮೇಲೂ ಜಿನೆಟ್‌ಳ ಕೈ ಅದರ ಮೇಲೇ ಇತ್ತು. ಬೆರಳುಗಳು ತನ್ನವಲ್ಲವೇನೋ ಎಂಬಂತೆ ಅವುಗಳನ್ನು ನೋಡಿದಳು. ಐವತ್ತೆಂಟರ ಬೆರಳುಗಳು, ಗೆಣ್ಣುಗಳು ಊದಿಕೊಂಡಿವೆ. ಅಪ್ಪನ ಗೆಣ್ಣುಗಳೂ ಹೀಗೇ ಇದ್ದವು. ಮ್ಯಾನಿಟೋಬಾ ಸರೋವರ ಹೆಪ್ಪುಗಟ್ಟಿದ ಮೇಲೆ ಅದರ ಮೈಗೆ ತೂತು ಕೊರೆದು ಬಲೆ ಇಳಿಸುತ್ತಿದ್ದ ಅಪ್ಪ, ಮನೆಯಿಂದ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಟೋಪಿ ತೆಗೆದು, ಕೆನ್ನೆಯನ್ನು ಗಾಳಿಗೆ ಒಡ್ಡಿ, ಇವತ್ತು ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಎರಡು ಎನ್ನುತ್ತಿದ್ದ. ಹಾಗೆಂದರೆ ಹಾಗೆಯೇ. ಅಮ್ಮ ಸಾರನ್ನು ಆ ಲೆಕ್ಕಕ್ಕೆ ಸರಿಯಾಗಿ ಒಲೆಯ ಮೇಲಿಡುತ್ತಿದ್ದಳು. ಅಪ್ಪ ಹೆಚ್ಚು ಹೇಳಿಯೂ ಗೊತ್ತಿಲ್ಲ, ಕಡಿಮೆ ಹೇಳಿಯೂ ಗೊತ್ತಿಲ್ಲ. ಅವನ ಮಗಳು ಎರಡನ್ನೂ ಕಲಿತಳು.

"ಎರಡು ಮೂವತ್ತೆಂಟು," ಎಂದ ವಾಲ್ಟರ್ ಫ್ರೀಸನ್ ಬೆನ್ನ ಹಿಂದಿನಿಂದ. ಕಂಪನಿಯ ಯಜಮಾನ. ಯಾವಾಗಲೂ ಬಾಯಲ್ಲಿ ಸೂರ್ಯಕಾಂತಿ ಬೀಜ. ಸಿಪ್ಪೆ ಉಗುಳುವುದಕ್ಕೆ ಕೈಯಲ್ಲೊಂದು ಕಾಗದದ ಲೋಟ. ಅವಳ ಭುಜದ ಮೇಲಿಂದ ಬಗ್ಗಿ ಕಂಪ್ಯೂಟರಿನ ಪರದೆ ನೋಡುತ್ತಿದ್ದ. "ನೋಡು, ಕೊಟ್ಟುಬಿಟ್ಟಿದೆ. ಎರಡು ನಲವತ್ತರೊಳಗೇ ಇದೆ. ಹೇಳಿಬಿಡು, ಮುಗೀತು."

"ಅದು ಮಧ್ಯರಾತ್ರಿಯ ಗಾಳಿ, ವಾಲ್ಟ್. ಹೊಸದು ಇನ್ನೂ ತುಂಬಿಲ್ಲ."

"ನಿಂದು ಯಾವ ಗಾಳಿ ಹಾಗಾದ್ರೆ? ಇಪ್ಪತ್ತು ನಿಮಿಷದ ಗಾಳಿ ತಾನೆ?" ತನ್ನ ಮಾತಿಗೆ ತಾನೇ ನಕ್ಕು ಲೋಟಕ್ಕೆ ಸಿಪ್ಪೆ ಉಗುಳಿದ. "ಅಲ್ಲಮ್ಮ, ನಿನ್ನ ಲೆಕ್ಕದಲ್ಲಿ ಹೋದರೆ ಈ ಕೋಣೆಯಿಂದ ಕಕ್ಕಸಿಗೆ ಹೋಗೋಕೂ ಅರ್ಧ ಗಂಟೆ ಬೇಕು."

ಈ ತಮಾಷೆ ಅವನದಲ್ಲ. ಪೈಲಟ್‌ಗಳದು. ವರ್ಷದಿಂದ ಅವರು ಅವಳನ್ನು 'ಇಪ್ಪತ್ತರಜ್ಜಿ' ಎನ್ನುತ್ತಿದ್ದರು. ಕ್ರಿಸ್‌ಮಸ್ಸಿಗೆ ಒಂದು ಗಡಿಯಾರ ಕೊಟ್ಟಿದ್ದರು, ಮುಳ್ಳನ್ನು ಇಪ್ಪತ್ತು ನಿಮಿಷ ಮುಂದೆ ತಿರುಗಿಸಿ. ಎಲ್ಲರ ಜೊತೆ ಅವಳೂ ನಕ್ಕಿದ್ದಳು. ನಗುತ್ತ ನಗುತ್ತ, ಆ ಇಪ್ಪತ್ತು ಯಾಕೆಂದು ಇವರಿಗೆ ಗೊತ್ತಿದೆಯೇ ಎಂದು ಒಬ್ಬೊಬ್ಬರ ಮುಖವನ್ನೂ ಹುಡುಕಿದ್ದಳು. ಯಾರಿಗೂ ಗೊತ್ತಿರಲಿಲ್ಲ. ವಯಸ್ಸಾಯಿತು, ಹೆದರಿಕೆ ಹೆಚ್ಚಾಯಿತು ಎಂದಷ್ಟೇ ಅವರ ತಿಳುವಳಿಕೆ. ಹೆದರಿಕೆ ಎನ್ನುವುದು ಸರಿಯೇ. ಆದರೆ ಅದು ವಯಸ್ಸಿನದಲ್ಲ, ಹೋದ ಮಾರ್ಚಿ ತಿಂಗಳಿನದು.

ಆ ದಿನವೂ ಇದೇ ಕುರ್ಚಿ, ಇದೇ ಫೋನು. ರೆಜೈನಾದ ಆಚೆಯಿಂದ ಬಿರುಗಾಳಿ ಬರುತ್ತಿದೆ, ಎರಡು ವಿಮಾನಗಳನ್ನು ಬೇರೆ ದಾರಿಗೆ ತಿರುಗಿಸಬೇಕು, ಮೂರನೆಯ ಫೋನಿನಲ್ಲಿ ಗ್ವೆನ್, "ಬೇಗ ಜಿನೆಟ್, ಬೇಗ." ಮೇಜಿನ ಮೇಲಿದ್ದ ಗಾಳಿಯ ನಕ್ಷೆಯನ್ನು ಎಳೆದುಕೊಂಡು ಎರಡು ಗಂಟೆ ಐದು ನಿಮಿಷ ಎಂದು ಹೇಳಿಬಿಟ್ಟಿದ್ದಳು. ಆ ದನಿಯಲ್ಲಿದ್ದ ಠೀವಿಯೂ ನೆನಪಿದೆ. ತನ್ನ ದನಿಯನ್ನು ತಾನೇ ಮೆಚ್ಚಿಕೊಂಡಿದ್ದಳು. ವಿಮಾನ ಇಳಿದದ್ದು ಎರಡು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ. ಆಗಲೇ ಅದರಲ್ಲಿದ್ದ ಹೃದಯ ಬರೀ ಮಾಂಸವಾಗಿತ್ತು ಎಂದರು. ಅದಕ್ಕಾಗಿ ಎದೆ ತೆರೆದು ಕಾದಿದ್ದ ಗಂಡಸು ಹನ್ನೊಂದು ದಿನ ಬದುಕಿದ. ವಿಚಾರಣೆಯ ವರದಿಯಲ್ಲಿ 'ಅನಿರೀಕ್ಷಿತ ಗಾಳಿ' ಎಂದು ಬರೆದರು. ಮಾರನೆಯ ಬೆಳಿಗ್ಗೆ ಮೇಜು ಒರೆಸುವಾಗ ನಕ್ಷೆಯ ಮೂಲೆಯಲ್ಲಿ ಅಚ್ಚಾಗಿದ್ದ ತಾರೀಖು ಕಣ್ಣಿಗೆ ಬಿತ್ತು. ಅದು ಹಿಂದಿನ ದಿನದ್ದು. ಹೊಸ ನಕ್ಷೆ ಮುದ್ರಣಯಂತ್ರದ ತಟ್ಟೆಯಲ್ಲಿ ಯಾರೂ ಮುಟ್ಟದೆ ಬಿದ್ದಿತ್ತು. ಹಳೆಯದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಸಂಜೆ ಆಲೂಗೆಡ್ಡೆ ಕೊಳ್ಳಲು ಹೋದ ಅಂಗಡಿಯ ಹೊರಗಿನ ಕಸದ ಡಬ್ಬದಲ್ಲಿ ಚೂರು ಚೂರು ಮಾಡಿ ಉದುರಿಸಿದಳು. ಕೈಗವಸು ತೆಗೆದು, ಬರಿಗೈಯಲ್ಲಿ. ಕೈಗವಸು ಹಾಕಿಕೊಂಡು ಯಾಕೆ ಹರಿಯಲಿಲ್ಲ ಎಂದು ಈಗಲೂ ಯೋಚಿಸುತ್ತಾಳೆ.

ಅಂದಿನಿಂದ ಪ್ರತಿ ಲೆಕ್ಕಕ್ಕೂ ಇಪ್ಪತ್ತು ನಿಮಿಷ ಕೂಡಿಸುತ್ತಿದ್ದಳು. ಮೊದಲ ತಿಂಗಳು ಅದನ್ನು ಎಚ್ಚರಿಕೆ ಎಂದುಕೊಂಡಿದ್ದಳು. ಪ್ರಾಯಶ್ಚಿತ್ತ ಎಂದೂ ಅನ್ನಿಸಿತ್ತು. ಈಗ ಈ ಕಿಟಕಿಯ ಮುಂದೆ ಕೂತು ಎಂಟು ಐವತ್ತೆಂಟಕ್ಕೆ, ಅದು ಎರಡೂ ಅಲ್ಲ ಎನ್ನುವುದು ಅರಿವಾಯಿತು. ಕೂಡಿಸಿದ ಇಪ್ಪತ್ತು ಅವಳನ್ನು ಕಾಯುತ್ತಿತ್ತೇ ಹೊರತು ಇನ್ನಾರನ್ನೂ ಅಲ್ಲ. ಈ ವರ್ಷದಲ್ಲಿ ಅವಳ 'ಆಗುವುದಿಲ್ಲ'ಗಳಲ್ಲಿ ಎಷ್ಟು, ನಿಜವಾಗಿ ಆಗಬಹುದಾಗಿದ್ದವು? ಲೆಕ್ಕ ಹಾಕುವವಳು ಆ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ಅವಳು ಥಂಡರ್ ಬೇಗೆ ಫೋನು ಮಾಡಿದಳು. ಪೈಲಟ್ ಬೋದಾನ್ ಅಲ್ಲಿನ ತಂಗುಕೋಣೆಯಲ್ಲಿ ಏನೋ ಅಗಿಯುತ್ತಿದ್ದ. ಬೆಳಗಿನ ಜಾವ ಎಡ್ಮಂಟನ್ನಿನಿಂದ ಡಾಕ್ಟರುಗಳನ್ನು ಕೂರಿಸಿಕೊಂಡು ಬಂದವನು ಅವನೇ.

"ಬರುವಾಗ ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಐವತ್ತು. ಹಿಂದಿಂದ ಯಾರೋ ಒದ್ದ ಹಾಗಿತ್ತು, ಅಜ್ಜಿ. ಒಬ್ಬ ಡಾಕ್ಟರಂತೂ ಕಾಫಿಯನ್ನ ಪ್ಯಾಂಟಿಗೇ ಕುಡಿಸಿದ."

"ಮೇಲೆ ಎಷ್ಟಿತ್ತು ಗಾಳಿ? ಸುಮಾರಿಗಲ್ಲ, ನೋಡಿದ್ದು ಹೇಳು."

"ತೊಂಬತ್ತೈದು."

ಕಂಪ್ಯೂಟರ್ ಅರವತ್ತೈದು ಎಂದುಕೊಂಡಿತ್ತು. ಬರುವಾಗ ಬೆನ್ನಿಗಿದ್ದದ್ದು ಹೋಗುವಾಗ ಎದೆಗೆ. ಅವಳು ಕಾಗದದ ಮೇಲೆ ಬರೆದಳು: ವಿಮಾನದ ವೇಗ ಗಂಟೆಗೆ ನಾನೂರ ಮೂವತ್ತು ಮೈಲಿ, ಅದರಲ್ಲಿ ಗಾಳಿಯ ತೊಂಬತ್ತೈದು ಕಳೆದರೆ ಮುನ್ನೂರ ಮೂವತ್ತೈದು. ಒಂಬೈನೂರ ಅರವತ್ತನ್ನು ಅದರಿಂದ ಭಾಗಿಸಿದಳು. ಎರಡು ಗಂಟೆ ಐವತ್ತೆರಡು ನಿಮಿಷ. ನೇರ ದಾರಿಯಲ್ಲಿ ಹೋದರೆ ಆ ಹೆಂಗಸಿಗೂ ಇಲ್ಲ, ಟೊರಾಂಟೊದವನಿಗೂ ಇಲ್ಲ. ಎರಡು ಊರುಗಳ ನಡುವೆ ಆಕಾಶದಲ್ಲಿ ಎಲ್ಲೋ ಒಂದು ಕಡೆ, ಯಾರದೂ ಆಗದೆ ಮುಗಿದುಹೋಗುತ್ತದೆ.

"ಆಗಲ್ಲ ಅಂದುಬಿಡು ಹಾಗಾದ್ರೆ," ಎಂದ ವಾಲ್ಟರ್, ಅವಳ ಕಾಗದ ಓದಿ. ಈಗ ಅವನ ದನಿಯಲ್ಲಿ ನಗೆ ಇರಲಿಲ್ಲ. "ಟೊರಾಂಟೊದವನೂ ಮನುಷ್ಯನೇ. ತಲೆ ಕೆಡಿಸ್ಕೋಬೇಡ."

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆಗುವುದಿಲ್ಲ ಎಂದರೆ ಯಾರೂ ಅವಳನ್ನು ಪ್ರಶ್ನಿಸುವುದಿಲ್ಲ. ಆ ಪದ ಎಷ್ಟು ಬೆಚ್ಚಗಿದೆ, ಉಣ್ಣೆಯ ಹೊದಿಕೆಯ ಹಾಗೆ. ಅದನ್ನು ಎಳೆದುಕೊಳ್ಳಲು ಕೈ ಮುಂದಾದಂತೆಯೇ, ಅವಳಿಗೆ ತನ್ನ ಮೇಲೆ ಎಂಥದೋ ಕೋಪ ಬಂತು. ಬಿಸಿಯಿಲ್ಲದ, ಚೊಕ್ಕಟವಾದ ಕೋಪ. ಇವತ್ತು ಬೇಡ. ಇವತ್ತು ಒಂಬತ್ತೂವರೆಯ ತನಕ ನಿಜವನ್ನು ಹುಡುಕುವುದು, ಒಂಬತ್ತೂವರೆಗೆ ಅದನ್ನು ಹೇಳುವುದು. ಅದು ಆಗುವುದಿಲ್ಲ ಎಂದೇ ಇದ್ದರೆ ಹಾಗೆಂದೇ ಹೇಳುವುದು. ಅವಳು ಎದ್ದು ಹೋಗಿ ಮುದ್ರಣಯಂತ್ರದ ಪಕ್ಕ ನಿಂತಳು. ಒಂಬತ್ತು ಎಂಟಕ್ಕೆ ಹೊಸ ನಕ್ಷೆಗಳು ಬರತೊಡಗಿದವು. ಒಂದೊಂದರ ಮೂಲೆಯಲ್ಲಿಯೂ ತಾರೀಖು ಓದಿದಳು, ಗಂಟೆ ಓದಿದಳು, ಬೆರಳಿಟ್ಟು ಇನ್ನೊಮ್ಮೆ ಓದಿದಳು.

ಗಾಳಿ ಒಂದು ಹೊಳೆ. ಮೂವತ್ತೆಂಟು ಸಾವಿರ ಅಡಿಯಲ್ಲಿ ಅದು ಸೊಕ್ಕಿ ಹರಿಯುತ್ತಿತ್ತು, ಸರಿಯಾಗಿ ನೇರ ದಾರಿಯ ಮೇಲೆಯೇ. ಆದರೆ ಹೊಳೆಗೆ ದಡವೂ ಇರುತ್ತದಲ್ಲ. ಉತ್ತರಕ್ಕೆ ಸರಿದರೆ, ಕೆಳಕ್ಕೆ ಇಪ್ಪತ್ತಾರು ಸಾವಿರಕ್ಕೆ ಇಳಿದರೆ, ಗಾಳಿ ಮೂವತ್ತೈದೇ. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು. ಸರೋವರಗಳ ಮೇಲೆ ಹಾದು, ಉತ್ತರಕ್ಕೆ ಬಾಗಿ, ಮತ್ತೆ ತೆಂಕಣಕ್ಕೆ ಇಳಿಯುವ ಗೆರೆ. ಒಂದು ಸಾವಿರ ಮೈಲಿ. ನಲವತ್ತು ಮೈಲಿ ಸುತ್ತು. ಕೆಳಗೆ ಗಾಳಿ ದಪ್ಪ, ವಿಮಾನದ ವೇಗ ನಾನೂರ ಇಪ್ಪತ್ತೇ. ಮೂವತ್ತೈದು ಕಳೆದರೆ ಮುನ್ನೂರ ಎಂಬತ್ತೈದು. ಎರಡು ಗಂಟೆ ಮೂವತ್ತಾರು ನಿಮಿಷ. ಮತ್ತೆ ಮಾಡಿದಳು. ಮೂವತ್ತಾರು. ಏರುವ ಹೊತ್ತು, ಇಳಿಯುವ ಹೊತ್ತು ಸೇರಿದೆಯೇ? ಸೇರಿದೆ. ಇಂಧನ? ಕೆಳಗೆ ಹಾರಿದರೆ ಹೆಚ್ಚು ಕುಡಿಯುತ್ತದೆ. ತೊಟ್ಟಿ ತುಂಬಿಸಿಕೊಂಡರೆ ನಿಯಮದ ಮೀಸಲು ಉಳಿಯುತ್ತದೆ, ಅದಕ್ಕಿಂತ ಹೆಚ್ಚೇನೂ ಉಳಿಯುವುದಿಲ್ಲ.

ಮತ್ತೆ ಥಂಡರ್ ಬೇಗೆ ಫೋನು ಮಾಡಿ ಬೋದಾನ್‌ಗೆ ಆ ದಾರಿ ಹೇಳಿದಳು. "ಹತ್ತಿರದ ದಾರಿ ಬಿಟ್ಟು ದೂರದ ದಾರೀಲಿ ಬೇಗ ಹೋಗು ಅಂತೀಯ."

"ಹೌದು."

"ನೀನು ಯಾವತ್ತೂ ಹೀಗೆ ಹೇಳೋಳಲ್ಲ."

"ಇವತ್ತು ಹೇಳ್ತಿದೀನಿ. ತೊಟ್ಟಿ ತುಂಬಿಸು. ನಿಂಗೆ ಸರಿ ಕಾಣದಿದ್ರೆ ಈಗಲೇ ಹೇಳು, ಹಾರಿದ ಮೇಲಲ್ಲ."

"ತುಂಬಿಸ್ತೀನಿ," ಎಂದ. ಅಜ್ಜಿ ಎನ್ನಲಿಲ್ಲ.

ಒಂಬತ್ತು ಇಪ್ಪತ್ತಾರಕ್ಕೆ ಅವಳು ಗ್ವೆನ್‌ಗೆ ಫೋನು ಮಾಡಿದಳು. "ಎರಡು ಗಂಟೆ ಮೂವತ್ತಾರು ನಿಮಿಷ."

"ಓ, ದೇವರು ದೊಡ್ಡೋನು! ಹಾಗಿದ್ರೆ ನಿಜವಾಗಿ ಎರಡು ಹದಿನಾರು. ಬೇಕಾದಷ್ಟಾಯ್ತು."

ಜಿನೆಟ್‌ಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಕಿವಿಯ ಹಿಂದೆ ಬಿಸಿ ಏರಿತು. "ಏನು ಹಾಗಂದ್ರೆ?"

"ಅಯ್ಯೋ, ಬೇಜಾರು ಮಾಡ್ಕೋಬೇಡ. ನಿಂದು ಅಂದ್ರೆ ನಾವಿಲ್ಲಿ ಇಪ್ಪತ್ತು ಕಳೀತೀವಿ. ಎಲ್ಲರಿಗೂ ಗೊತ್ತಿರೋದೇ ಅಲ್ವಾ."

ಹಾಗಾದರೆ ಅವಳು ಕೂಡಿಸಿದ್ದನ್ನು ಅಲ್ಲಿ ಅವರು ಕಳೆಯುತ್ತಿದ್ದರು. ಒಂದು ವರ್ಷ ಎರಡೂ ತುದಿಗಳಲ್ಲಿ ಸುಳ್ಳನ್ನು ಸರಿತೂಗಿಸಿಕೊಂಡು, ನಡುವೆ ವಿಮಾನಗಳನ್ನು ಹಾರಿಸಿದ್ದರು. ಅವಳ ಮಾತಿಗೆ ಅದರದೇ ಬೆಲೆ ಉಳಿದಿರಲೇ ಇಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ, ಮನೆಯ ಕಿವುಡಿ ಅಜ್ಜಿಗೆ ಹೇಳದ ಹಾಗೆ.

"ಗ್ವೆನ್, ಕೇಳು. ಕಳೀಬೇಡ. ಇದು ಬರೀ ಮೂವತ್ತಾರು. ನಾನು ಏನೂ ಸೇರಿಸಿಲ್ಲ. ನಿನ್ನ ನಲವತ್ತಕ್ಕೆ ಉಳಿಯೋದು ನಾಲ್ಕೇ ನಿಮಿಷ. ನೇರ ದಾರೀಲಿ ಆಗಲ್ಲ, ಉತ್ತರಕ್ಕೆ ಸುತ್ತಿಸ್ತಿದೀನಿ. ಇದನ್ನ ತಿಳ್ಕೊಂಡು ನೀವು ಹೂಂ ಅನ್ನಿ, ಇಲ್ಲ ಟೊರಾಂಟೊಗೆ ಕೊಡಿ."

ಆ ಕಡೆ ಉಸಿರು ಕೇಳಿಸಿತು. "ಮತ್ತೆ ಇಷ್ಟು ದಿನ ಕೂಡಿಸ್ತಿದ್ದೆಯಲ್ಲ, ಅದು ಯಾಕೆ?"

"ಅದನ್ನೂ ಹೇಳ್ತೀನಿ. ಇವತ್ತೇ ಹೇಳ್ತೀನಿ. ಮೊದಲು ಇದು."

ಗ್ವೆನ್ ಡಾಕ್ಟರನ್ನು ಕೇಳಿಕೊಂಡು ಬಂದಳು. ಮೂರು ನಿಮಿಷ. "ತಗೋತೀವಂತೆ," ಎಂದಳು.

ವಿಮಾನ ವಿನಿಪೆಗ್ ಗಡಿಯಾರದಲ್ಲಿ ಹನ್ನೊಂದು ನಲವತ್ತೊಂದಕ್ಕೆ ನೆಲ ಬಿಟ್ಟಿತು. ಎರಡು ಹದಿನೇಳಕ್ಕೆ ಇಳಿಯಬೇಕು. ಪರದೆಯ ಮೇಲಿನ ಹಸಿರು ಚುಕ್ಕೆ ನೋಡುತ್ತ ಕೂರುವುದನ್ನು ಬಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ. ಆದರೆ ಮಾಡಲೇಬೇಕಾದ ಒಂದು ಕೆಲಸ ಇತ್ತು. ಹನ್ನೆರಡೂ ಹತ್ತಕ್ಕೆ, ಚುಕ್ಕೆ ಇನ್ನೂ ಕಾಡಿನ ಮೇಲಿರುವಾಗ, ಅವಳು ವಾಲ್ಟರನ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಕೂರದೆ ಹೇಳಿದಳು. ಹಳೆಯ ನಕ್ಷೆ, ಎರಡು ಗಂಟೆ ಐದು ನಿಮಿಷ, ಅಂಗಡಿಯ ಹೊರಗಿನ ಕಸದ ಡಬ್ಬ. ಬಾಯಿಂದ ಹೊರಬಂದಾಗ ಅದು ಎಷ್ಟು ಚಿಕ್ಕದಾಗಿತ್ತು! ಒಂದು ನಿಮಿಷವೂ ಹಿಡಿಯಲಿಲ್ಲ.

ವಾಲ್ಟರ್ ಬೀಜ ಅಗಿಯುವುದನ್ನು ನಿಲ್ಲಿಸಿದ್ದ. "ನಿನ್ನ ಹತ್ರ ಆ ಕಾಗದ ಇದೆಯಾ?" ಎಂದ.

"ಇಲ್ಲ ಅಂದೆನಲ್ಲ. ಹರಿದೆ."

"ಮತ್ತೆ ಯಾಕಮ್ಮ ಹೇಳ್ತಿದೀಯ? ಯಾರು ಕೇಳಿದರು ನಿನ್ನ? ವರದಿ ಮುಗಿದು ಹೋಗಿದೆ. ನಿಂಗೆ ಏಳು ವರ್ಷದಲ್ಲಿ ಪಿಂಚಣಿ." ಅವನ ಮುಖ ಕೆಂಪಾಗಿತ್ತು, ಸಿಟ್ಟಿಗೋ ಹೆದರಿಕೆಗೋ ಅವಳಿಗೆ ತಿಳಿಯಲಿಲ್ಲ. "ಅದೂ ಈಗ! ವಿಮಾನ ಮೇಲಿದೆ. ಅದಾದರೂ ಇಳೀಲಿ, ಆಮೇಲೆ ನೋಡೋಣ."

"ಇಳಿದ ಮೇಲೆ ಹೇಳಿದ್ರೆ ಅದು ಬೇರೆ ಮಾತಾಗತ್ತೆ, ವಾಲ್ಟ್. ಸರಿಯಾಗಿ ಇಳಿದ್ರೆ, ದೊಡ್ಡವಳಾಗೋಕೆ ಹೇಳಿದ ಹಾಗಿರತ್ತೆ. ಇಳೀದಿದ್ರೆ, ಬೈಯಬೇಡಿ ಅಂತ ಬೇಡ್ಕೊಂಡ ಹಾಗೆ. ಈಗಲೇ ಹೇಳ್ಬೇಕು."

"ಹೇಳಿದ್ರೆ ನಿನ್ನ ಆ ಕುರ್ಚೀಲಿ ಕೂರಿಸೋಕಾಗಲ್ಲ. ಗೊತ್ತಲ್ಲ? ಸುರಕ್ಷತೆಯವರು ಬರ್ತಾರೆ. ನಾಳೆಯಿಂದ ನೀನು ಮನೇಲಿ."

"ಗೊತ್ತು."

ಅವನು ಕಿಟಕಿಯತ್ತ ತಿರುಗಿಕೊಂಡ. ಇಪ್ಪತ್ತೆಂಟು ವರ್ಷದ ಹಿಂದೆ ಅವನಪ್ಪನೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದ. ಆಗ ವಾಲ್ಟರ್ ವಿಮಾನ ತೊಳೆಯುತ್ತಿದ್ದ. "ಬರೆದುಕೊಡು," ಎಂದ, ಬೆನ್ನು ಮಾಡಿಕೊಂಡೇ. "ಬಾಯಲ್ಲಿ ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ."

ಅವಳು ಬರೆದಳು. ಹನ್ನೆರಡು ಸಾಲು. 'ಒತ್ತಡದಲ್ಲಿ' ಎಂಬ ಪದ ಬಂದಿತ್ತು, ಹೊಡೆದು ಹಾಕಿದಳು. ಒಂದು ಪ್ರತಿ ವಾಲ್ಟರನಿಗೆ, ಒಂದು ಪ್ರತಿ ವಿಚಾರಣೆಯವರಿಗೆ, ಇನ್ನೊಂದನ್ನು ಗ್ವೆನ್‌ಗೆ ಕಳಿಸಿದಳು. ಹಸಿರು ಚುಕ್ಕೆ ಆಗ ಉತ್ತರದ ಬಾಗು ಮುಗಿಸಿ ತೆಂಕಣಕ್ಕೆ ತಿರುಗಿತ್ತು. ಒಂದೂವರೆಯ ಹೊತ್ತಿಗೆ ವೇಗ ಮುನ್ನೂರ ಎಪ್ಪತ್ತೆಂಟಕ್ಕೆ ಇಳಿಯಿತು. ಗಾಳಿಯ ಹೊಳೆ ಅವಳು ಎಣಿಸಿದ್ದಕ್ಕಿಂತ ತುಸು ಅಗಲವಾಗಿತ್ತು. ಎರಡು ನಿಮಿಷ ಹೋಯಿತು. ಬಾಯಲ್ಲಿ ಅಮ್ಮನ ಜಪದ ಸಾಲೊಂದು ತಾನಾಗಿ ಬಂತು, ಅದನ್ನು ನುಂಗಿದಳು; ಈ ಕುರ್ಚಿಯಲ್ಲಿ ಕೂತು ಬೇಡುವುದು ಅವಳ ಕೆಲಸವಲ್ಲ. ಎಡ್ಮಂಟನ್ನಿನ ವಿಮಾನ ನಿಯಂತ್ರಣದವರಿಗೆ ಫೋನು ಮಾಡಿ, ವಿಮಾನವನ್ನು ಸುತ್ತಿಸದೆ ನೇರ ಇಳಿಸಿಕೊಳ್ಳಿ ಎಂದಳು, ಯಾಕೆಂದು ಹೇಳಿದಳು. ಅವರು ಸರಿ ಎಂದರು.

ಎರಡು ಹತ್ತೊಂಬತ್ತಕ್ಕೆ ಇಳಿಯಿತು. ಎರಡು ಗಂಟೆ ಮೂವತ್ತೆಂಟು ನಿಮಿಷ.

ವಾಲ್ಟರ್ ಬಾಗಿಲಲ್ಲಿ ನಿಂತಿದ್ದ. "ಮೂವತ್ತೆಂಟು," ಎಂದ. "ಬೆಳಿಗ್ಗೆ ಕಂಪ್ಯೂಟರ್ ಹೇಳಿದ್ದೂ ಅಷ್ಟೇ ಅಲ್ವಾ?"

ನೇರ ಹೋಗಿದ್ದರೆ ಐವತ್ತೆರಡಾಗುತ್ತಿತ್ತು ಎಂದು ಹೇಳಲು ಬಾಯಿ ತೆರೆದಳು. ಹೋಗದ ದಾರಿಯ ಹೊತ್ತನ್ನು ಯಾರಿಗೆ ಹೇಗೆ ತೋರಿಸುವುದು? ಅವನು ಕೆಣಕಿದ್ದಲ್ಲ, ನಿಜವಾಗಿ ಹಾಗೇ ತಿಳಿದಿದ್ದ. "ಅಷ್ಟೇ," ಎಂದಳು. ಹಾಗೆಂದ ಮೇಲೆ, ಎದೆಯಲ್ಲಿ ಚುಚ್ಚಬೇಕಾದ ಜಾಗದಲ್ಲಿ ಏನೂ ಚುಚ್ಚಲಿಲ್ಲ ಎನ್ನುವುದನ್ನು ಸ್ವಲ್ಪ ಆಶ್ಚರ್ಯದಿಂದಲೇ ಗಮನಿಸಿದಳು.

ಐದು ಗಂಟೆಗೆ ಅವಳು ಖಾನೆಯಲ್ಲಿದ್ದ ತನ್ನ ಕನ್ನಡಕ, ಗಂಟಲಿನ ಮಾತ್ರೆ, ಉಣ್ಣೆಯ ಶಾಲು ಎಲ್ಲ ತೆಗೆದು ಚೀಲಕ್ಕೆ ತುಂಬುತ್ತಿದ್ದಾಗ ಗ್ವೆನ್ ಫೋನು ಮಾಡಿದಳು.

"ಬಡೀತಿದೆ," ಎಂದಳು ಗ್ವೆನ್. ದನಿ ಒಡೆದಿತ್ತು. "ಎರಡು ಸಲ ತಡವರಿಸಿತಂತೆ. ಆಮೇಲೆ ಹಿಡ್ಕೊಂಡಿತು. ನಾಳೆ ತನಕ ಏನೂ ಹೇಳೋಕಾಗಲ್ಲ. ಆದ್ರೆ ಬಡೀತಿದೆ."

ಜಿನೆಟ್ ಮೇಜಿನ ಅಂಚು ಹಿಡಿದುಕೊಂಡಳು.

"ನಿನ್ನ ಕಾಗದ ಬಂತು, ಜಿನೆಟ್. ಓದಿದೆ." ಎಂದಳು ಗ್ವೆನ್. "ಆವತ್ತು ಬೇಗ ಬೇಗ ಅಂದೋಳು ನಾನೇ."

"ನಕ್ಷೆ ಎಳ್ಕೊಂಡಿದ್ದು ನನ್ನ ಕೈ."

"ಆ ಸತ್ತೋನ ಹೆಂಡತಿಗೆ ತಿಳಿಸ್ಬೇಕಾಗತ್ತೆ. ನಿಯಮ ಹಾಗಿದೆ. ಅವಳು ವರ್ಷದಿಂದ ತಿಂಗಳಿಗೊಂದು ಸಲ ಫೋನ್ ಮಾಡಿ, ಗಾಳಿ ಯಾಕೆ ಹಾಗಾಯ್ತು ಅಂತ ಕೇಳ್ತಾನೇ ಇದಾಳೆ. ನಮ್ಮ ಹತ್ರ ಉತ್ತರ ಇರಲಿಲ್ಲ. ಅವಳು ನಿನ್ನ ಹತ್ರಾನೇ ಮಾತಾಡ್ಬೇಕು ಅನ್ನಬಹುದು. ಸುಲಭ ಇರಲ್ಲ ಅದು. ನೀನು ಬೇಡ ಅಂದ್ರೆ ನಾನು ತಡೀಬಹುದು."

ಹಿಮಗಟ್ಟಿದ ಗಾಜಿನಾಚೆ ಒಂದು ವಿಮಾನ ಬಂದು ಇಳಿದು, ಇಂಜಿನ್ನಿನ ಮೊರೆತ ಕೆಳಗಿನ ಹ್ಯಾಂಗರಿನ ತಗಡಿನಲ್ಲಿ ನಡುಗಿ ಅಡಗಿತು. ಅದು ನಿಲ್ಲುವ ತನಕ ಜಿನೆಟ್ ಕಾದಳು. ಮಾತು ಸ್ಪಷ್ಟವಾಗಿ ಕೇಳಿಸಬೇಕಾಗಿತ್ತು.

"ತಡೀಬೇಡ. ನನ್ನ ಮನೆ ನಂಬರ್ ಕೊಡು ಅವಳಿಗೆ. ನಾಳೆಯಿಂದ ನಾನಿಲ್ಲಿ ಸಿಗಲ್ಲ. ಬರ್ಕೋತೀಯಾ?"

"ಹೇಳು."

ಅವಳು ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದಳು. ಗ್ವೆನ್ ಅದನ್ನು ಮೆಲ್ಲಗೆ ಓದಿ ಒಪ್ಪಿಸಿದಳು.

"ಸರಿಯಾಗಿದೆ," ಎಂದಳು ಜಿನೆಟ್.